ನೀಲಿ ಬಾಣದ ಹೊಟ್ಟೆಗೆ ಎಷ್ಟು ನೀರು?

ಆರ್ಕಿಟೆಕ್ಚರ್ ಹುಡುಗರ ‘ಸುಸ್ಥಿರ ನಗರ ಚೌಕ’ದ ನಕ್ಷೆಯ ಶೀಟುಗಳು ಈ ಮಳೆಗಾಲವೂ ಜ್ಯೂರಿಯ, ಎಂದರೆ ಮಾರ್ಕು ಹಾಕುವ ಮೇಷ್ಟ್ರುಗಳ ಮುಂದಿನ, ಗೋಡೆ ಏರಿವೆ. ಸೈಟು ಕಾಸರಗೋಡು ಪೇಟೆಯ ಅರ್ಧ ಎಕರೆ. ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ, ಪಕ್ಕದವರ ಮಾತು ಕೇಳಿಸದಷ್ಟು. ಶೀಟಿನೊಳಗೆ ಮಾತ್ರ ಸಂಜೆ ನಾಲ್ಕೂವರೆಯ ಹೊಂಬಿಸಿಲು. ಕೊಡೆ ಹಿಡಿದವರು ಒಬ್ಬರೂ ಇಲ್ಲ. ಓವರ್‌ಕೋಟು ತೊಟ್ಟ ಬಿಳಿ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ಆಟೋಸ್ಟ್ಯಾಂಡಿನತ್ತ ನಡೆದಿದ್ದಾಳೆ. ಅವಳನ್ನು ಬಿಡಿ, ಎಲ್ಲ ಊರಿನ ಶೀಟಿಗೂ ಡೌನ್‌ಲೋಡ್ ಆಗಿ ಬರುವವಳು. ತಲೆ ಕೆಡಿಸುವುದು ಸೆಕ್ಷನ್ನಿನಲ್ಲಿ, ಎಂದರೆ ಕಟ್ಟಡವನ್ನೂ ನೆಲವನ್ನೂ ನೆಟ್ಟಗೆ ಸೀಳಿ ತೋರಿಸುವ ಚಿತ್ರದಲ್ಲಿ, ಇರುವ ನೀಲಿ ಬಾಣ.

ಸೆಕ್ಷನ್ನಿನಲ್ಲಿ ಬಾಣಗಳದ್ದೇ ಒಂದು ಸಂಸಾರ. ಕೆಂಪಿನದು ಬಿಸಿಗಾಳಿ, ಹಸಿರಿನದು ತಂಗಾಳಿ, ನೀಲಿಯದು ನೀರು. ತಂಗಾಳಿಯ ಬಾಣ ಎರಡು ಗೋಡೆ ಸುತ್ತಿ, ಮೆಟ್ಟಿಲು ಹತ್ತಿ, ಕಿಟಕಿ ಹುಡುಕಿಕೊಂಡು ಹೋಗುವಷ್ಟು ಜಾಣ. ಆದರೆ ನೀಲಿಯ ಮುಂದೆ ಅದೂ ಏನಲ್ಲ. ನೀಲಿ ಬಾಣ ಮಾಡಿನಿಂದ ಇಳಿಯುತ್ತದೆ, ಹುಲ್ಲಿನ ಮೇಲೆ ನಯವಾಗಿ ಬಾಗುತ್ತದೆ, ನೆಲದ ಗೆರೆ ದಾಟಿ ಎರಡು ಸೆಂಟಿಮೀಟರ್ ಹೋಗಿ ಮಾಯವಾಗುತ್ತದೆ. ಪಕ್ಕದಲ್ಲಿ ‘ಅಂತರ್ಜಲ ಮರುಪೂರಣ’ ಎಂದು ಬರೆದರೆ ಕೆಲಸ ಮುಗಿಯಿತು. ಈ ಬಾಣಕ್ಕೆ ಕಸ ಕಟ್ಟುವುದಿಲ್ಲ, ಎಲೆ ಸಿಗುವುದಿಲ್ಲ. ಕಂಬದ ಅಡಿಪಾಯ (ಫೂಟಿಂಗ್) ಅಡ್ಡ ಬಂದರೆ ಅದರೊಳಗಿಂದಲೇ ತೂರುತ್ತದೆ. ಒಂದು ಶೀಟಿನಲ್ಲಂತೂ ಬೇಸ್‌ಮೆಂಟ್ ಪಾರ್ಕಿಂಗಿನ ಚಾವಣಿ ಸೀಳಿ, ಕೆಳಗೆ ನಿಂತ ಕಾರಿಗೆ ಒಂದು ಹನಿಯೂ ತಾಗಿಸದೆ ಭೂಮಿ ಸೇರಿದೆ. ಅದರ ದಪ್ಪ ಮೂರು ಮಿಲಿಮೀಟರ್. 1:100 ಸ್ಕೇಲಿನಲ್ಲಿ ಅದು ಮೂವತ್ತು ಸೆಂಟಿಮೀಟರಿನ ಪೈಪು. ಅಂಥ ಪೈಪು ಪ್ಲಾನಿನಲ್ಲಿ ಎಲ್ಲಿದೆ ಎಂದು ಹುಡುಕಿದರೆ, ಇಲ್ಲ.

ಪೈಪು ಹೋಗಲಿ, ಇಳಿಜಾರೇ ಇಲ್ಲ. ಚರಂಡಿ 1:100ರ ಓಟದಲ್ಲಿ, ನೂರು ಮೀಟರಿಗೆ ಒಂದು ಮೀಟರ್ ಇಳಿಯುತ್ತ, ಹೋಗುವುದಾದರೆ ಐವತ್ತು ಮೀಟರಿಗೆ ಐವತ್ತು ಸೆಂಟಿಮೀಟರ್ ಇಳಿಯಬೇಕು. ಪ್ಲಾನಿನಲ್ಲಿ ಈ ಮೂಲೆಯಿಂದ ಆ ಮೂಲೆಯವರೆಗೆ ಇರುವುದು ಒಂದೇ ಮಟ್ಟ: ±0.00, ಎಂದರೆ ಏರೂ ಇಲ್ಲ, ತಗ್ಗೂ ಇಲ್ಲ. ಕಾಸರಗೋಡಿನ ಗುಡ್ಡಗಾಡಿನಲ್ಲಿ ಅರ್ಧ ಎಕರೆ ಇಷ್ಟು ಸಪಾಟಾಗಿ ಸಿಕ್ಕಿದೆ ಎಂದರೆ ಯಾರೋ ಮೊದಲೇ ಗುಡ್ಡ ಕಡಿದಿದ್ದಾರೆ, ಇಲ್ಲವೇ ಗದ್ದೆ ತುಂಬಿಸಿದ್ದಾರೆ.

ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಅರ್ಧ ಎಕರೆ ಸುಮಾರು 2,000 ಚದರ ಮೀಟರ್. ಜುಲೈಯಲ್ಲಿ ಗಂಟೆಗೆ 50 ಮಿ.ಮೀ. ಹೊಯ್ದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಮಕ್ಕಳು ಶಾಲೆಗೆ ರಜೆ ಇದೆಯೇ ಎಂದಷ್ಟೇ ಕೇಳುತ್ತಾರೆ. ಆ ಒಂದು ಗಂಟೆಯಲ್ಲಿ ಚೌಕದ ಮೇಲೆ ಬಿದ್ದದ್ದು ಒಂದು ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರು ಎಂಟು ತುಂಬಿ ಮಿಕ್ಕುತ್ತದೆ. ಶೀಟಿನಲ್ಲಿ ಮಳೆನೀರು ನಿಂತು ಇಂಗಲೆಂದು ತಗ್ಗು ಮಾಡಿ ಗಿಡ ನೆಟ್ಟ ಒಂದು ‘ರೇನ್ ಗಾರ್ಡನ್’ ಇದೆ, 100 ಚದರ ಮೀಟರ್. ಹದಿನೈದು ಸೆಂಟಿಮೀಟರ್ ನೀರು ನಿಂತರೆ ಹಿಡಿಯುವುದು ಹದಿನೈದು ಸಾವಿರ ಲೀಟರ್. ಬಾಕಿ ಎಂಬತ್ತೈದು ಸಾವಿರ ಬಾಣದ ಹೊಟ್ಟೆಗೆ.

ನೀರು ಇಂಗುವ ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಬಿಲ್ಲೆ) ಹಾಕುತ್ತೇವೆ ಎನ್ನುತ್ತಾರೆ. ಒಳ್ಳೆಯದೇ. ಸರಿಯಾಗಿ ಹಾಕಿದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ: ಮೇಲೆ 80 ಮಿ.ಮೀ. ಪೇವರ್, ಸಂದಿಗೆ ಸಣ್ಣ ಚಿಪ್ಸು, ಕೆಳಗೆ 50 ಮಿ.ಮೀ. ದಪ್ಪಕ್ಕೆ ಆರು ಮಿ.ಮೀ.ಯ ಸಣ್ಣ ಜಲ್ಲಿ, ಅದರ ಕೆಳಗೆ ಪುಡಿ ಇಲ್ಲದ ದಪ್ಪ ಜಲ್ಲಿ 300 ಮಿ.ಮೀ., ತಳಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ದಪ್ಪ ಜಲ್ಲಿಯ ನಡುವೆ ನೂರಕ್ಕೆ ನಲವತ್ತು ಭಾಗ ಖಾಲಿ ಜಾಗ ಇರುತ್ತದೆ. ಅರ್ಧ ಚೌಕಕ್ಕೆ ಹಾಸಿದರೂ ಆ ಒಂದು ಲಕ್ಷ ಲೀಟರನ್ನು ತಡೆದು ನಿಲ್ಲಿಸಬಲ್ಲದು, ಮೊದಲ ಗಂಟೆಯ ಮಟ್ಟಿಗೆ. ಕೆಡುವುದು ಎಲ್ಲಿ ಎಂದರೆ, ಕಂಟ್ರಾಕ್ಟರು ಚಿಪ್ಸಿನ ಬದಲು ಸಂದಿಗೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಗುಡಿಸಿ ತುಂಬಿಸುತ್ತಾನೆ. ಆಮೇಲೆ ಟಿಪ್ಪರಿನ ಚಕ್ರದಿಂದ ಕೆಂಪು ಕೆಸರು ಬಂದು ಕೂರುತ್ತದೆ. ಸಂದಿಯನ್ನು ಹೀರಿ ತೆಗೆದು ಮತ್ತೆ ಚಿಪ್ಸು ತುಂಬದಿದ್ದರೆ ಎರಡು ಮಳೆಗಾಲದೊಳಗೆ ಅದು ಮಾಮೂಲಿ ಇಂಟರ್‌ಲಾಕು, ಬೆಲೆ ಮಾತ್ರ ಹೆಚ್ಚು.

ಇನ್ನು ಟೆರೇಸಿನ ಮೇಲಿನ ಮರ. ಹದಿನೈದು ಸೆಂಟಿಮೀಟರ್ ನೆನೆದ ಮಣ್ಣೇ ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಮರಕ್ಕೆ ಒಂದು ಮೀಟರ್ ಮಣ್ಣು ಬೇಕು. ಸ್ಲ್ಯಾಬಿನ ದಪ್ಪ ಐದು ಇಂಚು. ಸ್ಟ್ರಕ್ಚರ್ ಮೇಷ್ಟ್ರು ಆ ಶೀಟಿನ ಮುಂದೆ ನಿಲ್ಲದೆ ಹೋಗುತ್ತಾರೆ.

ಅಡಿಪಾಯಕ್ಕಿಂತ ಕೆಳಗೆ ಬಾಣ ಹೋದ ಜಾಗ ಎಂಥದ್ದು ಎಂಬುದು ಯಾವ ಶೀಟಿನಲ್ಲೂ ಇಲ್ಲ. ಅಲ್ಲಿ ಕಂದು ಬಣ್ಣ ಬಳಿದಿರುತ್ತಾರೆ, ಅಷ್ಟೆ. ನಮ್ಮಲ್ಲಿ ಮೇಲೆ ಮುರಕಲ್ಲು, ತೂತು ತೂತಾಗಿ ನೀರು ಬಿಟ್ಟುಕೊಡುತ್ತದೆ. ಅದರ ಕೆಳಗಿನ ಶೇಡಿಮಣ್ಣು, ನುಣುಪಾದ ಜೇಡಿ, ಬಿಟ್ಟುಕೊಡುವುದಿಲ್ಲ, ನೆನೆದರೆ ಜಾರುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದಲ್ಲಿ ಮಳೆಗಾಲಕ್ಕೆ ಏನಾಗುತ್ತದೆಂದು ಹೆದ್ದಾರಿ 66ರಲ್ಲಿ ಓಡಾಡುವವರಿಗೆ ಹೇಳಿಕೊಡಬೇಕಿಲ್ಲ. ಅಂಥ ಕಡಿತದ ನೆತ್ತಿಯಲ್ಲೇ ಇಂಗುಗುಂಡಿ ತೋರಿಸಿ ‘ಪರಿಸರಸ್ನೇಹಿ’ ಎಂದು ಬರೆಯುವ ಧೈರ್ಯವನ್ನು ಮೆಚ್ಚಬೇಕು ಮಾರಾಯ್ರೆ.

ಪರೀಕ್ಷೆಗೆ ದುಡ್ಡು ಬೇಡ. ಒಂದಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿಸಿ ನೆನೆಸಿಡಬೇಕು. ಮರುದಿನ ಮತ್ತೆ ತುಂಬಿಸಿ, ಸ್ಕೇಲ್ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಬೇಕು. ಗಂಟೆಗೆ 10–15 ಮಿ.ಮೀ. ಕೂಡ ಇಳಿಯದಿದ್ದರೆ ಇಂಗಿಸುವ ಆಸೆ ಬಿಟ್ಟು ಒಯ್ಯುವ ದಾರಿ ನೋಡಬೇಕು. ಇದನ್ನು ಜುಲೈಯಲ್ಲಿ ಮಾಡಬೇಕು. ಮಾರ್ಚಿನ ಒಣ ಮಣ್ಣು ಏನು ಕೊಟ್ಟರೂ ಕುಡಿಯುತ್ತದೆ, ಸೈಟ್ ವಿಸಿಟ್ ಇಡುವುದೂ ಮಾರ್ಚಿನಲ್ಲೇ. ಅದೂ ಆಗದಿದ್ದರೆ ಪಕ್ಕದ ಮನೆಯ ಬಾವಿಗೆ ಬಗ್ಗಿ ನೋಡಿದರೆ ಸಾಕು. ನೀರು ಕೈಗೆ ಸಿಗುವಷ್ಟು ಮೇಲೆ ಬಂದಿದ್ದರೆ ನೆಲದ ಹೊಟ್ಟೆ ತುಂಬಿದೆ, ಇನ್ನೂ ಬಡಿಸಿ ಪ್ರಯೋಜನವಿಲ್ಲ.

ಮಾದರಿ ಅಧ್ಯಯನಕ್ಕೆ ಎಲ್ಲರಿಗೂ ಕೋಪನ್‌ಹೇಗನ್ನೇ ಬೇಕು. ಅಲ್ಲಿ 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಸುರಿದು ಊರು ಮುಳುಗಿತು. ಮರುವರ್ಷ ನಗರಸಭೆ ಯಾವ ರಸ್ತೆ ನೀರು ಹೊರಬೇಕು, ಯಾವ ಪಾರ್ಕು ನೀರು ನಿಲ್ಲಿಸಬೇಕು ಎಂದು ಯೋಜನೆ ಮಾಡಿತು. ಶೀಟಿಗೆ ಬರುವುದು ಆ ಪಾರ್ಕಿನ ಬೆಂಚು ಮಾತ್ರ. ಅಲ್ಲಿ ವರ್ಷವಿಡೀ ಬೀಳುವ ಮಳೆಯನ್ನು ಇಲ್ಲಿಯ ಜುಲೈ ಒಂದೇ ತಿಂಗಳಲ್ಲಿ ದಾಟುತ್ತದೆ. ಊರೇ ಸ್ಪಂಜಿನಂತೆ ಮಳೆನೀರು ಹೀರಲೆಂದು ‘ಸ್ಪಂಜ್ ಸಿಟಿ’ ಕಾಮಗಾರಿ ನಡೆದಿದ್ದ ಚೀನಾದ ಝೆಂಗ್‌ಝೌನಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಗೆ 200 ಮಿ.ಮೀ. ದಾಟಿ, ಮೆಟ್ರೋ ಸುರಂಗಕ್ಕೇ ನೀರು ನುಗ್ಗಿತು. ಇದನ್ನು ಯಾರೂ ಅಂಟಿಸುವುದಿಲ್ಲ, ಫೋಟೋ ಚೆನ್ನಾಗಿಲ್ಲ.

ಸುರಂಗ ಎಂದಾಗ ನೆನಪಾಯಿತು, ‘ನಮ್ಮ ಮಣ್ಣಿನ ಕಾನ್ಸೆಪ್ಟ್’ ಬೇಕೆಂದು ಒಬ್ಬ ಇದೇ ಜಿಲ್ಲೆಯ ಬಾಯಾರು ಎಂಬ ಊರಿನ ಕಡೆಯ ಸುರಂಗಗಳಿಂದ ಸ್ಫೂರ್ತಿ ಪಡೆದು ನೆಲದಡಿಯಲ್ಲಿ ಕಮಾನಿನ ಕೆಫೆ ಮಾಡಿದ್ದಾನೆ. ಸುರಂಗ ಎಂದರೆ ಗುಡ್ಡಕ್ಕೆ ಅಡ್ಡವಾಗಿ ತೋಡಿ, ಬಾಯಿಯ ಕಡೆ ಸಣ್ಣ ಇಳಿಜಾರು ಕೊಟ್ಟು, ಒಳಗಿನ ಒಸರನ್ನು ಹೊರಕ್ಕೆ ಹರಿಸುವ ಏರ್ಪಾಡು. ಕೆಫೆಯ ಇಳಿಜಾರು ಒಳಕ್ಕೆ ಇದೆ. ಕಾಫಿಗೆ ನೀರಿನ ಬರ ಬರಲಾರದು.

ಹಿಂದಿನವರು ಇಲ್ಲಿ ಗದ್ದೆಯನ್ನು ನೀರು ನೋಡಿಯೇ ವಿಂಗಡಿಸಿದ್ದರು: ತಗ್ಗಿನಲ್ಲಿ ಬೈಲು, ನಡುವೆ ಮಜಲು, ಎತ್ತರದಲ್ಲಿ ಬೆಟ್ಟು. ಎಲ್ಲಿ ಎಷ್ಟು ಬೆಳೆ, ಎಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂದು ಉಳುವವನಿಗೆ ಗೊತ್ತಿತ್ತು. ನಡುವೆ ನೀರು ನಿಲ್ಲಿಸುವ ಮದಕ, ಪಳ್ಳ, ನೀರು ಒಯ್ಯುವ ತೋಡು. ಗದ್ದೆ ಉಳಿಸುವ ಕಾಯ್ದೆ ಕೇರಳಕ್ಕೆ ಬಂದದ್ದು 2008ರಲ್ಲಿ. ಅಷ್ಟರಲ್ಲಿ ಎಷ್ಟೋ ಬೈಲುಗಳ ಮೇಲೆ ಗುಡ್ಡದ ಕೆಂಪು ಮಣ್ಣು ಬಿದ್ದಾಗಿತ್ತು. ಈಗ ಆ ಮಣ್ಣಿನ ಮೇಲೆ ನಿಂತು ‘ನೀರಿನೊಂದಿಗೆ ಬಾಳು’ ಎಂದು ಇಂಗ್ಲಿಷಿನಲ್ಲಿ ತಲೆಬರಹ ಕೊಡುತ್ತೇವೆ.

ಅಪರೂಪಕ್ಕೆ ಬಾಣ ತಾನೇ ಸತ್ಯ ಹೇಳುವುದೂ ಉಂಟು. ಇಂಕ್‌ಜೆಟ್ ಪ್ಲಾಟರಿನ ಶೀಟನ್ನು ಸುತ್ತಿ, ಬಾಯಿ ಸರಿಯಾಗಿ ಮುಚ್ಚದ ಕೊಳವೆಯಲ್ಲಿಟ್ಟು ಬಸ್ಸು ಹತ್ತಿದರೆ, ಕಿಟಕಿಯ ಎರಚಲಿಗೆ ಶಾಯಿ ಕರಗಿ ಬಾಣ ನಿಜವಾಗಿಯೇ ಹರಿಯುತ್ತದೆ. ಹರಿದದ್ದು ಎಲ್ಲಿಗೆ? ಶೀಟಿನ ತಗ್ಗು ಮೂಲೆಗೆ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮಾಡೆಲಿನ ಬಿಳಿ ಫೆವಿಕಾಲು ಅದೇ ಮಳೆಗೆ ಬಿಟ್ಟುಕೊಂಡು ಗೋಡೆ ಕಳಚಿರುತ್ತದೆ, ಚೌಕದಲ್ಲಿ ನೀರು ನಿಂತಿರುತ್ತದೆ. ಆ ಸೆಮಿಸ್ಟರಿನ ಒಂದೇ ಒಂದು ಜಲಪರೀಕ್ಷೆ ಅದು, ಮಾರ್ಕು ಮಾತ್ರ ಕಡಿತ.

‘ತುಂಬಿ ಹೊರಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ?’ ಎಂದರೆ ಉತ್ತರ ಸಿದ್ಧವಿದೆ: ‘ಅದು ಸೈಟಿನ ಬೌಂಡರಿಯ ಹೊರಗೆ ಸಾರ್.’ ಹೊರಗೆ ಇರುವುದೆಲ್ಲ ಶೀಟಿನಲ್ಲಿ ಬೂದು ಬಣ್ಣ. ಅದರಲ್ಲಿ ಆಟೋಸ್ಟ್ಯಾಂಡ್, ಮೀನಿನ ಮಾರುಕಟ್ಟೆ, ಔಷಧಿ ಅಂಗಡಿ, ಡಾಂಬರಿನ ಮೇಲೆ ಡಾಂಬರು ಬಿದ್ದು ವರ್ಷವರ್ಷವೂ ಏರುವ ರಸ್ತೆ, ಎಲ್ಲ ಇವೆ. ಬಾಣ ಬಿಡಿಸುವುದೇ ಆದರೆ ತುದಿಗೆ ಎರಡು ಅಂಕಿ ಬರೆಯಲಿ: ನೀರು ಸೇರುವ ತೋಡಿನ ತಳದ ಮಟ್ಟ, ಆಟಿಯಲ್ಲಿ ಅದರ ನೀರಿನ ಮಟ್ಟ. ಎರಡನೆಯದು ಚೌಕಕ್ಕಿಂತ ಮೇಲಿದ್ದರೆ ಹೆಚ್ಚು ತೊಂದರೆಯಿಲ್ಲ, ಬಾಣದ ತಲೆ ಅಳಿಸಿ ಬಾಲದ ಕಡೆಗೆ ಹಚ್ಚಿದರಾಯಿತು. ನೀರು ಬರುವುದು ಅಲ್ಲಿಂದ ಇಲ್ಲಿಗೆ.