ನಕಾಶೆ ಕಂಡ ದಾರಿ

ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿಗೆ ಹೋದವಳು ನಾನು. ಇವರು ನನ್ನ ಲಗೇಜಿನ ಜೊತೆ ಬಂದವರು. ಒಣಶುಂಠಿ, ಓಮ, ಮೆಂತ್ಯದ ಲೇಹ್ಯ, ಎಣ್ಣೆನೀರು, ಮಗುವಿನ ನಿದ್ದೆ, ಮಗಳ ನಿದ್ದೆ ಅಂತ ನನಗೆ ಕೈತುಂಬ ಕೆಲಸ. ಇವರಿಗೆ ಒಂದೂ ಇಲ್ಲ. ಸರ್ವೆ ಇಲಾಖೆಯಲ್ಲಿ 34 ವರ್ಷ ಊರೂರು ಅಳೆದು ನಿವೃತ್ತರಾದ ಮನುಷ್ಯ. ಆ ಪುಟ್ಟ ಮನೆಯ ಹಾಲು, ಕೋಣೆ, ಬಚ್ಚಲು ಎಲ್ಲ ಮೂರು ದಿನದಲ್ಲಿ ಅಳೆದು ಮುಗಿಸಿದರು. ನಾಲ್ಕನೇ ದಿನ ನಾನು ಒಗ್ಗರಣೆಗೆ ನಿಂತಾಗ ಹಿಂದಿನಿಂದ "ಸಾಸಿವೆ ಜಾಸ್ತಿ ಆಯ್ತು" ಅಂದರು. 

"ಅಮ್ಮಾ, ಮಗು ಮಲಗಿರೋ ಹೊತ್ತಲ್ಲಿ ಅಪ್ಪನ್ನ ಎಲ್ಲಾದ್ರೂ ಕರ್ಕೊಂಡು ಹೋಗು, ನಿನ್ನ ದಮ್ಮಯ್ಯ" ಎಂದಳು ಮಗಳು. ಅಳಿಯ ಸಂಜೆ ಒಂದು ನಕ್ಷೆ ತಂದುಕೊಟ್ಟ. ಅದೊಂದು ಕೊಡದಿದ್ದರೆ ನಾವು ಪೇಟೆ ಸುತ್ತಿ, ಬೆಂಚಿನ ಮೇಲೆ ಕೂತು, ಮರ್ಯಾದೆಯಿಂದ ಮನೆಗೆ ಬರುತ್ತಿದ್ದೆವು.

ಊರು ಲಡ್ಲೋ. ಶ್ರಾಪ್‌ಶೈರಿನ ದಕ್ಷಿಣದ ತುದಿ, ವೇಲ್ಸ್ ಗಡಿಗೆ ಹತ್ತಿರ. ಟೀಮ್ ಹೊಳೆಯ ಮೇಲಿನ ದಿಬ್ಬದಲ್ಲಿ ಹಳೇ ಕೋಟೆ, ಕೋಟೆ ಬಾಗಿಲ ಮುಂದೆಯೇ ಸಂತೆ. ಸಂತೆ ಅಂದಾಕ್ಷಣ ನಮ್ಮ ಸಾಗರದ ಸಂತೆ ನೆನೆಸಿಕೊಳ್ಳಬೇಡಿ. ಕೂಗಾಟ ಇಲ್ಲ, ಚೌಕಾಸಿ ಇಲ್ಲ. ಚೀಸು ಮಾರುವವನು ಮನೆ ಗುಟ್ಟು ಹೇಳುವವನ ಹಾಗೆ ಬೆಲೆ ಹೇಳುತ್ತಾನೆ. ಎಂಟನೇ ಹೆನ್ರಿಯ ಅಣ್ಣ ಆರ್ಥರ್ ಅಂತ ಒಬ್ಬ ಇದ್ದನಂತೆ, ರಾಜನಾಗಬೇಕಿದ್ದವನು. ಮದುವೆಯಾಗಿ ಐದು ತಿಂಗಳು ತುಂಬುವುದರೊಳಗೆ, 1502ರಲ್ಲಿ, ಇದೇ ಕೋಟೆಯಲ್ಲಿ ತೀರಿಕೊಂಡ. ನನಗೆ ಪಾಪ ಅನ್ನಿಸಿತು. "ನೋಡ್ರೀ, ಹದಿನೈದು ವರ್ಷದ ಹುಡುಗ" ಅಂತ ಇವರ ಕಡೆ ತಿರುಗಿದರೆ ಇವರು ಕೋಟೆಗೇ ಬೆನ್ನು ಹಾಕಿ ನಕ್ಷೆ ಬಿಡಿಸುತ್ತಿದ್ದಾರೆ.

ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ 203. ನೆಲದ ಮೇಲಿನ ಒಂದು ಕಿಲೋಮೀಟರು ಕಾಗದದ ಮೇಲೆ ನಾಲ್ಕು ಸೆಂಟಿಮೀಟರು. ಅದರ ತುಂಬ ಹಸಿರು ತುಂಡುಗೆರೆಗಳು, ಎಲೆಯ ಮೇಲೆ ಇರುವೆ ಸಾಲು ಹೊರಟ ಹಾಗೆ. ಒಂದೊಂದೂ ಒಂದು ಕಾಲುದಾರಿ. ಯಾರದೋ ಹೊಲ, ಯಾರದೋ ಅಂಗಳ, ಏನೇ ಇರಲಿ, ಆ ಗೆರೆ ಹೋದಲ್ಲಿ ಸಾರ್ವಜನಿಕರು ನಡೆಯಬಹುದು. 1949ರಲ್ಲಿ ಕಾಯಿದೆ ಮಾಡಿ ಕೌಂಟಿ ಕೌಂಟಿಯೂ ತನ್ನ ಕಾಲುದಾರಿಗಳನ್ನು ನಕ್ಷೆಗೆ ಏರಿಸಬೇಕು ಅಂದರಂತೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು. "ಇವಳೇ, ನಕಾಶೆ ಕಂಡ ದಾರಿ ಕಣೇ. ನೆಲದ ಮೇಲೂ ಇದೆ!"

ಆ ಗದ್ಗದ ಕಂಠದ ಹಿಂದೆ 34 ವರ್ಷದ ಸರ್ವೀಸು ಇದೆ. ನಮ್ಮ ಕಂದಾಯ ಇಲಾಖೆಯವರು ಹಳ್ಳಿ ನಕ್ಷೆಯಲ್ಲಿ ಗುರುತಾದ ದಾರಿಗೆ 'ನಕಾಶೆ ಕಂಡ ದಾರಿ' ಅನ್ನುತ್ತಾರೆ. ಬಹಳ ಸರಿಯಾದ ಹೆಸರು, ಅದನ್ನು ಕಂಡಿರುವುದು ನಕಾಶೆ ಮಾತ್ರ. ದಾರಿ ಇರಬೇಕಾದಲ್ಲಿ ಯಾರೋ ಅಡಿಕೆ ಸಸಿ ನೆಟ್ಟಿರುತ್ತಾರೆ, ಅದು ಫಸಲಿಗೂ ಬಂದಿರುತ್ತದೆ. ಇವರು ಸರಪಳಿ ಹಿಡಿದು ಹೋದಲ್ಲೆಲ್ಲ ಒಂದು ಕಡೆಯವರು ಕಾಫಿ ಕೊಟ್ಟರೆ ಇನ್ನೊಂದು ಕಡೆಯವರು ನಾಯಿ ಬಿಟ್ಟಿದ್ದಾರೆ.

ಮಾರನೇ ದಿನದಿಂದ ಶುರುವಾಯಿತು. ಊಟವಾದ ಮೇಲೆ ಎರಡು ತಾಸು. ಸೀರೆ, ಸ್ವೆಟರು, ಕಾಲಿಗೆ ಮಗಳ ಗಂಬೂಟು. ಬೇಲಿ ದಾಟಲು ಅವರದೂ ಒಂದು ಮರದ ಮೆಟ್ಟಿಲು, ಸ್ಟೈಲ್ ಅನ್ನುತ್ತಾರೆ. ನಮ್ಮ ತಡಮೆಯೇ, ದನ ದಾಟಬಾರದು, ಮನುಷ್ಯ ದಾಟಬೇಕು. ಆದರೆ ಅದನ್ನು ಮಾಡಿದವನ ಕಣ್ಣ ಮುಂದೆ ಸೀರೆ ಉಟ್ಟ ಮನುಷ್ಯ ಇರಲಿಲ್ಲ ಅಂತ ಮೊದಲನೇ ದಿನವೇ ಗೊತ್ತಾಯಿತು. ಇನ್ನೊಂದು ಬಗೆಯದು ಒಬ್ಬೊಬ್ಬರೇ ತೂರಿ ಹೋಗುವ ಗೇಟು, ಅರ್ಧಚಂದ್ರದ ಕಟಕಟೆಯೊಳಗೆ ಆಚೆ ಈಚೆ ಅಲ್ಲಾಡುತ್ತದೆ. ಅದಕ್ಕೆ ಕಿಸ್ಸಿಂಗ್ ಗೇಟ್ ಅಂತ ಹೆಸರು ಎಂದು ಮಗಳು ಹೇಳಿದಾಗ ನಾನು ನಾಚಿಕೊಂಡೆ. ನಾಚಿಕೊಳ್ಳಬೇಕಾಗಿರಲಿಲ್ಲ. ನಾನು ಚೀಲ ಸಿಕ್ಕಿಸಿಕೊಂಡು ಅದರೊಳಗೆ ಒದ್ದಾಡುತ್ತಿದ್ದರೆ ಇವರು ಮೂವತ್ತು ಮಾರು ಆಚೆ ನಿಂತು ಉತ್ತರ ದಿಕ್ಕು ಹುಡುಕುತ್ತಿದ್ದರು.

ನನಗೆ ಕಷ್ಟವಾದದ್ದು ಅಂಗಳಗಳು. ಒಂದು ಕಡೆ ದಾರಿ ನೇರ ಒಂದು ಮನೆಯ ಹಿತ್ತಿಲಿಗೇ ನುಗ್ಗಿ, ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಹಾದು, ಅಡುಗೆಮನೆ ಕಿಟಕಿಗೆ ಕೈಯೆಟುಕುವಷ್ಟು ಹತ್ತಿರದಲ್ಲಿ ಹೋಗುತ್ತದೆ. ಒಳಗೆ ಒಬ್ಬಾಕೆ ಪಾತ್ರೆ ತೊಳೆಯುತ್ತಿದ್ದಳು. ನಾನು ಕಳ್ಳಿಯ ಹಾಗೆ ತಲೆ ತಗ್ಗಿಸಿದೆ. ಆಕೆ ಕೈ ಬೀಸಿ, ಹವೆ ಚೆನ್ನಾಗಿದೆ ಎಂದು ಹೇಳಿ, ಮುಂದಿನ ಪಾತ್ರೆ ತೆಗೆದುಕೊಂಡಳು. ಅಷ್ಟೇ. ಬೈಯಲಿಲ್ಲ, ಸರಿ. ಆದರೆ ಅಂಗಳಕ್ಕೆ ಕಾಲಿಟ್ಟವರನ್ನು "ಆಸರಿಗೆ ಬೇಕಾ" ಅಂತಲೂ ಕೇಳುವುದಿಲ್ಲವೇ? ಬೈದಿದ್ದರೇ ವಾಸಿಯಿತ್ತು.

ಮೇ ತಿಂಗಳ ಒಂದು ದಿನ ಕಾಡಿನ ಅಂಚಿನಲ್ಲಿ ಗಮ್ಮೆಂದು ಬೆಳ್ಳುಳ್ಳಿ ವಾಸನೆ. ನೋಡಿದರೆ ನೆಲದ ತುಂಬ ಕಾಡುಬೆಳ್ಳುಳ್ಳಿ, ಅಗಲ ಎಲೆ, ಬಿಳಿ ಹೂವು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಳಗೆ ಬರುವುದೇ ಬಾಣಂತಿಯ ನೆಪದಲ್ಲಿ. ಇಲ್ಲಿ ಪುಕ್ಕಟೆ ಹಾಸಿಕೊಂಡು ಬಿದ್ದಿದೆ. ಎರಡು ಬೊಗಸೆ ಕಿತ್ತು ತಂದೆ. ತಂಬುಳಿಗೆಂದು ಸೊಪ್ಪು ಹುರಿಯಲು ಹೊರಟಾಗ ಡಾಕ್ಟರ್ ಮಗಳು ಒಂದೊಂದೇ ಎಲೆ ಬಿಡಿಸಿ ನೋಡಿ, ನಡುವಿನಿಂದ ಬಾಣದ ತುದಿಯ ಹಾಗಿರುವ ಎರಡು ಎಲೆ ಎತ್ತಿದಳು. ಅದು ಬೇರೆ ಗಿಡವಂತೆ, ವಿಷ, ಬಾಯಿ ಗಂಟಲು ಉರಿದು ಊದಿಕೊಳ್ಳುತ್ತದಂತೆ. ನಾನು ಎಲೆ ತಿರುಗಿಸಿ ನೋಡಿದೆ. ಕೆಸುವಿನ ದಾಯಾದಿ! ಹುಣಸೆಹುಳಿ ಹಾಕಿ ಪತ್ರೊಡೆ ಬೇಯಿಸಿ ತಿಂದು ಬೆಳೆದವಳಿಗೆ ಕೆಸುವಿನ ತುರಿಕೆ ಗೊತ್ತಿಲ್ಲವೇ? "ಹುಳಿ ಹಾಕಿದ್ರೆ..." ಅಂತ ಬಾಯಿ ತೆರೆದೆ. ಮಗಳು ಅಷ್ಟನ್ನೂ ಕಸದ ಡಬ್ಬಕ್ಕೆ ಸುರಿದಳು.

ಇವರ ಕಥೆ ಇದಕ್ಕಿಂತ ದೊಡ್ಡದು. ಬ್ರಾಮ್‌ಫೀಲ್ಡ್ ಕಡೆ ಹೋಗುವಾಗ ದಾರಿ ಒಂದು ಗೋಧಿ ಹೊಲದ ನಟ್ಟನಡುವೆ ಹಾಯುತ್ತಿತ್ತು. ಇಂಥ ದಾರಿಯನ್ನು ಉತ್ತರೆ ರೈತನೇ ಮತ್ತೆ ಬಿಡಿಸಿಕೊಡಬೇಕು, ಕಡೇಪಕ್ಷ ಒಂದು ಮೀಟರ್ ಅಗಲ ಇರಬೇಕು ಅಂತ ಕಾನೂನು. ಹಿಂದಿನ ರಾತ್ರಿಯೇ ಇವರು ಅದನ್ನು ಓದಿಕೊಂಡಿದ್ದರು. ಜೇಬಿನಿಂದ ಟೇಪು ಹೊರಬಂತು. ಒಂದು ತುದಿ ನಾನು ಹಿಡಿಯಬೇಕು. ಮಂಡಿಯುದ್ದದ ಗೋಧಿಯಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕೂತು ಅಳೆಯುತ್ತಿದ್ದೇವೆ, ಮೇಲಿನಿಂದ ಒಂದು ನೆರಳು ಬಿತ್ತು. ಹೊಲದ ಯಜಮಾನ. ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ.

"ಥರ್ಟೀನ್ ಸೆಂಟಿಮೀಟರ್ಸ್" ಎಂದರು ಇವರು.

ಆತ ಟೇಪು ನೋಡಿದ, ಗೋಧಿ ನೋಡಿದ, ಗಂಬೂಟಿನೊಳಗೆ ಮುದುಡಿದ ನನ್ನ ಸೀರೆಯ ನೆರಿಗೆ ನೋಡಿದ. "ರೈಟ್" ಅಂದು ಹೊರಟುಹೋದ. 

ಅದಾದ ಮುಂದಿನ ವಾರ ಅದೇ ದಾರಿಯಲ್ಲಿ, ಎರಡು ಬೇಲಿ ಆಚೆಗಿನ ಹುಲ್ಲುಗಾವಲಿನಲ್ಲಿ, ಹೋರಿ ಇತ್ತು. ಹದಿಮೂರು ಸೆಂಟಿಮೀಟರಿಗೆ ಅವನು ಹೋರಿ ಬಿಟ್ಟಿದ್ದಾನೆ ಅಂತ ಇವರು ಇವತ್ತಿಗೂ ನಂಬಿದ್ದಾರೆ. ನಮ್ಮ ಮಲೆನಾಡು ಗಿಡ್ಡದ ಮೂರು ಹೋರಿಯನ್ನು ಒಟ್ಟಿಗೆ ಕಟ್ಟಿ ಇಟ್ಟಷ್ಟು ಗಾತ್ರ. ಮೈ ಕೆಂಪು, ಮುಖ ಬೆಳ್ಳಗೆ, ಹಣೆಯ ಮೇಲೆ ಗುಂಗುರು. ತಡಮೆಯ ಮೇಲೆ ನಿಂತೇ ಇವರು ಪಾಠ ಶುರು ಮಾಡಿದರು. "1981ರ ಕಾಯಿದೆ ಪ್ರಕಾರ ಹತ್ತು ತಿಂಗಳು ಮೀರಿದ ಹಾಲಿನ ತಳಿಯ ಹೋರಿಯನ್ನ ಕಾಲುದಾರಿ ಇರೋ ಜಾಗದಲ್ಲಿ ಬಿಡೋ ಹಾಗಿಲ್ಲ. ಬೇರೆ ತಳಿ ಆದ್ರೆ, ಜೊತೇಲಿ ಹಸು ಇಲ್ಲಾ ಕಡಸು ಇದ್ರೆ, ಬಿಡಬಹುದು."

"ಹೋಗಿ ವಯಸ್ಸು ಕೇಳಿ ಬನ್ನಿ ಮತ್ತೆ."

"ಇದು ಹೆರೆಫರ್ಡ್ ಕಣೇ. ಪಕ್ಕದ ಕೌಂಟಿದು, ಹಾಲಿನ ತಳಿ ಅಲ್ಲ. ಜೊತೆಗೆ ಹಸುಗಳೂ ಇದಾವೆ. ಕಾನೂನು ಪ್ರಕಾರ ಎಲ್ಲ ಸರಿಯಾಗೇ ಇದೆ" ಎಂದರು, ನಿಧಾನಕ್ಕೆ ನನ್ನ ಬೆನ್ನ ಹಿಂದೆ ಸರಿಯುತ್ತ.

ನಾನು ಕೊಟ್ಟಿಗೆಯಲ್ಲೇ ಬೆಳೆದವಳು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ದನದ ಮುಖ ನೋಡಿದರೆ ಅದರ ಮನಸ್ಸು ತಿಳಿಯುತ್ತದೆ. ಇದು ಮೆಲುಕು ಹಾಕುತ್ತ ಅರ್ಧ ಕಣ್ಣು ಮುಚ್ಚಿತ್ತು. "ಹೋ... ಹೋ ಮಗಾ... ನೀ ಮಲ್ಕೊ" ಅಂತ ನಮ್ಮನೆ ದನಕ್ಕೆ ಹೇಳುವ ಹಾಗೆ ಹೇಳುತ್ತ, ಓಡದೆ, ಪಕ್ಕದಲ್ಲೇ ಹಾದು ಹೋದೆ. ಹೋರಿ ಒಂದು ಕಿವಿ ಅಲ್ಲಾಡಿಸಿತು. ಇವರು ಮಾತ್ರ ಜೀವನದಲ್ಲಿ ಮೊದಲ ಸಲ ನಕಾಶೆ ಬಿಟ್ಟು ಸ್ವಂತ ದಾರಿ ಹಿಡಿದರು. ಬೇಲಿಯ ಬುಡಕ್ಕೆ ಅಂಟಿಕೊಂಡು, ಎರಡೂ ಕೈಯಲ್ಲಿ ಗಿಡ ಸರಿಸುತ್ತ ಬಂದರು. ಗಿಡ ತುರಚೆ. ಅಲ್ಲೂ ಇದೆ, ನಮ್ಮದರಷ್ಟೇ ಚೆನ್ನಾಗಿದೆ.

ಡಾಕ್ ಅನ್ನುವ ಅಗಲ ಎಲೆಯ ಸೊಪ್ಪು ತಿಕ್ಕಿದರೆ ಉರಿ ಇಳಿಯುತ್ತದೆ ಅಂತ ಎದುರಾದ ಅಜ್ಜನೊಬ್ಬ ಕಿತ್ತುಕೊಟ್ಟ. ತಿಕ್ಕಿದೆವು. ಕೈ ಹಸಿರಾಯಿತು. ನಕ್ಷೆ ಹಿಡಿಯಲು ಇವರಿಗೆ ಬೆರಳೇ ಮಡಚುತ್ತಿಲ್ಲ, ನನಗೆ ನಕ್ಷೆ ಓದಲು ಬರುವುದಿಲ್ಲ. ದೂರದಲ್ಲಿ ಸೇಂಟ್ ಲಾರೆನ್ಸ್ ಚರ್ಚಿನ ಗೋಪುರ ಕಾಣುತ್ತಿತ್ತು, 135 ಅಡಿ ಎತ್ತರದ್ದು. ಅದನ್ನೇ ನೋಡಿಕೊಂಡು ಮನೆ ಸೇರಿಸಿದೆ.

ಸೆಪ್ಟೆಂಬರಿನಲ್ಲಿ ವಾಪಸು ಬಂದೆವು. ಬಂದ ಎರಡೇ ವಾರಕ್ಕೆ ಇವರು ನಮ್ಮೂರಿನ ಹಳ್ಳಿ ನಕ್ಷೆಯ ಪ್ರತಿ ತರಿಸಿದರು. ಊರಿನ ನಕಾಶೆ ಕಂಡ ದಾರಿಗಳನ್ನೆಲ್ಲ ಬಿಡಿಸಿ, ಹಳದಿ ಬಾಣ ಹೊಡೆದು, ಬೆಳಿಗ್ಗೆ ಬೆಳಿಗ್ಗೆ ಎಲ್ಲರನ್ನೂ ನಡೆಸುವ ಯೋಜನೆ. ಜಗಲಿಯ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟರು. ಕೆರೆಯಿಂದ ಹೊರಟ ದಾರಿಯ ಮೇಲೆ ಬೆರಳು ಆಡಿಸುತ್ತ ಬಂದರು. ಮೇಲಿನ ಮನೆ ತೋಟ ದಾಟಿತು, ದೇವಸ್ಥಾನದ ಹಿಂದೆ ತಿರುಗಿತು, ನಮ್ಮ ಬೇಲಿಗೆ ಬಂತು, ಉಣಗೋಲು ದಾಟಿ ಒಳಗೆ ಬಂತು. ಬೆರಳು ನಿಂತಿತು.

ಮಾವನವರು ಕಟ್ಟಿಸಿದ ಕೊಟ್ಟಿಗೆಯೊಳಗೆ ನಮ್ಮ ಗೌರಿ ಆಗಷ್ಟೇ ಹಿಂಡಿ ತಿಂದು, ಆ ನಕಾಶೆ ಕಂಡ ದಾರಿಯ ಮಧ್ಯೆ ಮಲಗಿತ್ತು.

ಇವರು ನಾಲ್ಕು ಅಡಿಕೆಯನ್ನೂ ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡರು. "ಕಾಫಿ ಆಯ್ತೇನೇ?" ಅಂದರು.