ಅರ್ಧ ಸುತ್ತು

ನಮ್ಮ ತಂದೆ ಎತ್ತು ಕೊಳ್ಳುವಾಗ ಹಲ್ಲಿಗಿಂತ ಮೊದಲು ನಿಲುವು ನೋಡುತ್ತಿದ್ದರು. ರಾಮನಾಥಪುರದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯಿಂದ ಹತ್ತು ಮಾರು ದೂರ ನಿಂತು, ಕಣ್ಣು ಕಿರಿದು ಮಾಡಿ, "ಮುಂದಿನ ಎಡಗಾಲಿಗೆ ಭಾರ ಬಿಡುತ್ತಿಲ್ಲ, ಬೇಡ" ಎಂದು ಮುಂದಕ್ಕೆ ನಡೆದುಬಿಡುತ್ತಿದ್ದರು. ಆ ಕಣ್ಣು ನನಗೂ ಬಂದಿದೆ ಎಂದು ನಾನು ನಂಬಿದ್ದೆ. ಅವಾಂತರಕ್ಕೆಲ್ಲ ಅದೇ ಮೂಲ.

ಡೆಟ್ರಾಯಿಟ್‌ನ ಹೊರವಲಯದಲ್ಲಿ ಹತ್ತೊಂಬತ್ತು ವರ್ಷ ಬಾಳಿದವನಿಗೆ ಹಳೆಯ ಕಾರಿನ ಹುಚ್ಚು ಹಿಡಿಯದಿದ್ದರೆ ಅದು ವಿಶೇಷ. ನನಗೆ ತಡವಾಗಿ ಹಿಡಿಯಿತು, 1973ರ ಪ್ಲಿಮತ್ ಡಸ್ಟರ್ ರೂಪದಲ್ಲಿ. ಎಂಟು ಸಿಲಿಂಡರಿನ, 318 ಘನ ಇಂಚಿನ ಎಂಜಿನ್. 340ರ ಎಂಜಿನ್ ಇಲ್ಲದ ಡಸ್ಟರನ್ನು ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಬಿರುಸಿನ ಕಾರು) ಎಂದು ಒಪ್ಪದ ಮಡಿವಂತರು ಇಲ್ಲಿ ಬೇಕಾದಷ್ಟಿದ್ದಾರೆ. ಅವರೆದುರು ನಾನು ಬಾನೆಟ್ ತೆರೆಯುವುದಿಲ್ಲ.

"ಇದು ಬರೀ ನೋಡುವುದಕ್ಕೋ, ಮನೆಗೇನಾದರೂ ಉಪಯೋಗಕ್ಕೆ ಬರುತ್ತದೆಯೋ?" ಎಂದು ಹೆಂಡತಿ ಕೇಳಿದಳು. "ಯಾಕೆ ಬರುವುದಿಲ್ಲ? ಡಿಕ್ಕಿ ಎಷ್ಟು ದೊಡ್ಡದಿದೆ ನೋಡು" ಎಂದು ಆ ಹೊತ್ತಿಗೆ ಪಾರಾದೆ.

ಜುಲೈ ತಿಂಗಳ ಒಂದು ಸಂಜೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ತಂದೆಯ ಹಾಗೆಯೇ ಕಣ್ಣು ಕಿರಿದು ಮಾಡಿದೆ. ಕಾರು ಹಿಂದಕ್ಕೆ ಕುಸಿದು ಎಡಕ್ಕೆ ವಾಲಿತ್ತು. ಬಸ್ಸಿನಲ್ಲಿ ನಿದ್ದೆ ಹೋದವನು ಪಕ್ಕದವನ ಹೆಗಲಿಗೆ ಒರಗುತ್ತಾನಲ್ಲ, ಹಾಗೆ. ಆಗಸ್ಟ್‌ನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ಮೆರವಣಿಗೆ. ಫರ್ನ್‌ಡೇಲ್ ಊರಿನ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು 1995ರಲ್ಲಿ ಶುರುವಾದದ್ದು ಈಗ ನಮ್ಮೂರ ತೇರಿಗಿಂತ ದೊಡ್ಡದಾಗಿ ಬೆಳೆದಿದೆ. ಅಲ್ಲಿ ಜನ ರಸ್ತೆಯ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡುವುದು ಬಣ್ಣವನ್ನಲ್ಲ, ನಿಲುವನ್ನು. ವಾಲಿದ ಕಾರನ್ನು ಅವರ ಮುಂದೆ ಒಯ್ಯುವುದು ಹೇಗೆ?

ಪಕ್ಕದ ಮನೆಯ ಮುದುಕರು ಕಾರಿನ ಕಾರ್ಖಾನೆಯಿಂದ ನಿವೃತ್ತರಾದವರು. ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಹಳತಾಗಿ ಕುಗ್ಗಿರಬೇಕು ಎಂದರು. ಎಪ್ಪತ್ತರ ದಶಕದಲ್ಲಿ ತಾವೆಲ್ಲ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್ ಹಾಕಿ, ಕಾರಿನ ಬಾಲ ಎತ್ತಿ, ಮೂಗು ತಗ್ಗಿಸಿ ಓಡಾಡುತ್ತಿದ್ದೆವು ಎಂದು ನೆನೆದರು. ನನಗೆ ಅಂಥ ಚೇಳಿನ ಭಂಗಿ ಬೇಡವಾಗಿತ್ತು. ಹಿಂಭಾಗ ಏಳದಿದ್ದರೆ ಮುಂಭಾಗವನ್ನೇ ಇಳಿಸಿ ಸಮ ಮಾಡಿದರಾಯಿತು ಎಂದುಕೊಂಡೆ.

ಇಳಿಸುವುದು ಸುಲಭವೂ ಆಗಿತ್ತು. ಪ್ಲಿಮತ್ ಕಾರುಗಳನ್ನು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ 1957ರ ಮಾದರಿಗಳಿಂದ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಹಾಕತೊಡಗಿತು. ಚಕ್ರಕ್ಕೊಂದು ಉಕ್ಕಿನ ಸರಳು. ಅದರ ಒಂದು ತುದಿ ಕಾರಿನ ತಳಕ್ಕೆ ಕಚ್ಚಿಕೊಂಡಿದ್ದರೆ ಇನ್ನೊಂದು ತುದಿ ಚಕ್ರವನ್ನು ಹೊತ್ತ ತೋಳಿಗೆ. ಚಕ್ರ ಮೇಲೆದ್ದಾಗ ಸರಳು ಒದ್ದೆ ಪಂಚೆಯ ಹಾಗೆ ಹಿಂಡಿಕೊಳ್ಳುತ್ತದೆ. ಆ ಹಿಂಡಿಕೆಗೆ ಒಂದು ಬೋಲ್ಟ್ ಇದೆ. ಬಿಗಿ ಮಾಡಿದರೆ ಕಾರು ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇಷ್ಟು ಸುಲಭದ ಬೋಲ್ಟನ್ನು ನನ್ನಂಥವನ ಕೈಗೆ ಸಿಗುವಂತೆ ಇಡಬಾರದಿತ್ತು.

ರಿಪೇರಿಯ ಕೈಪಿಡಿಯನ್ನು ಪಂಚಾಂಗದಂತೆ ಓದಿದೆ. ನೆಲ ಸಮವಾಗಿರಬೇಕು, ಟ್ಯಾಂಕ್ ತುಂಬಿರಬೇಕು, ಚಕ್ರದ ಗಾಳಿ ಸರಿಯಿರಬೇಕು, ಒಳಗೆ ಜನವಾಗಲಿ ಸಾಮಾನಾಗಲಿ ಇರಬಾರದು. ನಾಲ್ಕಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಪ್ರತಿ ಸಲ ಬೋಲ್ಟ್ ತಿರುಗಿಸಿದ ಮೇಲೆ ಬಂಪರ್ ಹಿಡಿದು ಕಾರನ್ನು ಕುಲುಕಬೇಕು, ಅದು ಕೆಳಗಿಳಿಯುವ ಹೊತ್ತಿಗೆ ಕೈ ಬಿಡಬೇಕು, ಆಮೇಲೆ ಅಳತೆ. ನಾನೂ ಮಗನೂ ಒನಕೆ ಕುಟ್ಟುವವರ ಹಾಗೆ ಕುಲುಕಿದೆವು. ಅವನು ಏರುವಾಗ ಬಿಡುತ್ತಿದ್ದ, ನಾನು ಇಳಿಯುವಾಗ ಬಿಡುತ್ತಿದ್ದೆ. ಹುಲ್ಲು ಕತ್ತರಿಸುತ್ತಿದ್ದ ಮುದುಕರು ಯಂತ್ರ ನಿಲ್ಲಿಸಿ ನೋಡಿದರು.

ಎಡಗಡೆಯ ಬೋಲ್ಟನ್ನು ಅರ್ಧ ಸುತ್ತು ಬಿಗಿ ಮಾಡಿದರೆ ಬಲದ ಅಳತೆಯೂ ಬದಲಾಗುತ್ತಿತ್ತು. ಬಲವನ್ನು ಅರ್ಧ ಸುತ್ತು ಸಡಿಲಿಸಿದರೆ ಎಡ ಮುನಿಸಿಕೊಳ್ಳುತ್ತಿತ್ತು. ಮೀಸೆಯ ಎರಡು ತುದಿ ಸಮ ಮಾಡಲು ಹೊರಟವನ ಪಾಡು. ಮೂರು ಸಂಜೆಗಳಲ್ಲಿ ನನ್ನ ಕಾರು ಬದಲಿಸಿದಷ್ಟು ನಿಲುವನ್ನು ಚುನಾವಣೆಯ ವರ್ಷದಲ್ಲಿ ಯಾವ ಶಾಸಕನೂ ಬದಲಿಸಿರಲಾರ. ಕೊನೆಗೆ ನೇರ ನಿಂತಿತು. ಮೂಗು ಒಂದು ಇಂಚು ಕೆಳಗೆ ಬಂದಿತ್ತು. ಡ್ರೈವ್‌ವೇ ಮುಗಿದು ರಸ್ತೆ ಸಿಗುವಲ್ಲಿ ಹೊಟ್ಟೆಯಡಿಯ ಪೈಪು ಕೊಂಯ್ಯೆಂದು ಕೆರೆಯಿತು. ಹೆಡ್‌ಲೈಟುಗಳು ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನ ಹಾಗೆ ನೆಲವನ್ನೇ ಹುಡುಕುತ್ತಿದ್ದವು. ಸ್ಟಿಯರಿಂಗ್ ಬಲಕ್ಕೆ ಎಳೆಯುತ್ತಿತ್ತು. ಎತ್ತರ ಬದಲಾದರೆ ಚಕ್ರಗಳ ಅಲೈನ್‌ಮೆಂಟೂ ಕೆಡುತ್ತದೆ ಎಂಬ ಸಾಲು ಕೈಪಿಡಿಯ ಮುಂದಿನ ಪುಟದಲ್ಲಿತ್ತು. ಅಲೈನ್‌ಮೆಂಟ್ ಮಾಡಿದಾತ ಹಣ ಎಣಿಸಿಕೊಂಡು, ಎರಡೂ ಬೋಲ್ಟಿಗೆ ಹಳದಿ ಬಣ್ಣ ಬಳಿದು, ಇನ್ನು ಮುಂದೆ ಇವನ್ನು ಮುಟ್ಟಬೇಡ ಎಂದ. ಮಗುವಿಗೆ ಹೇಳುವ ದನಿಯಲ್ಲಿ.

ವುಡ್‌ವರ್ಡ್‌ನಲ್ಲಿ ಮಾತ್ರ ಮಾನ ಉಳಿಯಿತು. ಕುರ್ಚಿಯಲ್ಲಿ ಕೂತಿದ್ದ ಒಬ್ಬ ನನ್ನ ಕಾರಿನತ್ತ ಹೆಬ್ಬೆರಳು ಎತ್ತಿದ. ಆ ಜಂಬದಲ್ಲಿ ರಾತ್ರಿಯೇ ವಿಡಿಯೋ ಕರೆ ಮಾಡಿ ತಂದೆಗೆ ಕಾರು ತೋರಿಸಿದೆ. ಅವರು ಮೊಬೈಲನ್ನು ಮುಖದಿಂದ ದೂರ ಹಿಡಿದು ಕಣ್ಣು ಕಿರಿದು ಮಾಡಿದರು.

"ಹೇರು ಹೊತ್ತಿದೆಯಲ್ಲೋ ಇದು."

"ಇಲ್ಲ ಅಪ್ಪ, ಖಾಲಿ."

"ಖಾಲಿ ಗಾಡಿ ಹೀಗೆ ನಿಲ್ಲುವುದಿಲ್ಲ."

ಎಂಬತ್ತು ದಾಟಿದ ಕಣ್ಣು, ಇನ್ನೇನು ಹೇಳೀತು ಎಂದುಕೊಂಡೆ.

ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ ಹೆಂಡತಿ ದೇವರ ಗೂಡಿನ ಪಕ್ಕದ ಮೊಳೆಯಿಂದ ಒಂದು ಬೀಗದ ಕೈ ತೆಗೆದುಕೊಂಡು ಗ್ಯಾರೇಜಿಗೆ ಹೋದಳು. ಈ ಕಾರುಗಳಿಗೆ ಬೀಗದ ಕೈ ಎರಡು: ಓಡಿಸುವುದಕ್ಕೆ ಒಂದು, ಡಿಕ್ಕಿಗೆ ಒಂದು. ಎರಡನೆಯದು ಎಲ್ಲಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಡಿಕ್ಕಿ ತೆರೆಯಿತು. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆ ಒಂದು ಹೊರಬಂತು. ಎರಡು. ಮೂರು. ಆರು. ಅದರ ಹಿಂದೆ ಕನ್ನಡ ಕೂಟದ ಕಲ್ಲಿನ ಗ್ರೈಂಡರ್. ಒಂದೊಂದು ಇಳಿದಾಗಲೂ ಪಾಟಾ ಕಿರ್ರೆಂದು, ಕಾರಿನ ಬಾಲ ಮೇಲೇರಿತು.

"ಕೂಟದ ಹಬ್ಬದೂಟಕ್ಕೆಂದು ಜೂನ್‌ನಲ್ಲೇ ಕೊಂಡದ್ದು. ಬೇಸ್‌ಮೆಂಟಿನಲ್ಲಿ ನೀರು ನಿಂತಿತ್ತು. ಡಿಕ್ಕಿ ದೊಡ್ಡದಿದೆ ಎಂದು ನೀವೇ ಹೇಳಿದ್ದಿರಲ್ಲ" ಎಂದಳು.

"ಎಲ್ಲವನ್ನೂ ಎಡಗಡೆಯೇ ಯಾಕೆ ಇಟ್ಟೆ?"

"ಗ್ಯಾರೇಜಿನಲ್ಲಿ ಬಲಗಡೆ ನಿಲ್ಲುವುದಕ್ಕೆ ಜಾಗ ಎಲ್ಲಿತ್ತು ರೀ? ನೀವು ತಂದು ಪೇರಿಸಿದ ಹಳೆಯ ಚಕ್ರಗಳಿದ್ದವು."

ರಸ್ತೆ ದಾಟಿ ನೋಡಿದೆ. ಮೂಗು ನೆಲ ಮೂಸುತ್ತಿತ್ತು, ಬಾಲ ಆಕಾಶದಲ್ಲಿತ್ತು, ಮೈ ಈಗ ಬಲಕ್ಕೆ ವಾಲಿತ್ತು. ಮುದುಕರು ಬೇಲಿಯ ತನಕ ಬಂದು, ಕೊನೆಗೂ ಎಪ್ಪತ್ತರ ದಶಕದ ರುಚಿ ಗೊತ್ತಾಯಿತಲ್ಲ ಎಂದು ಸಂತೋಷಪಟ್ಟರು. ತಂದೆಗೆ ಫೋಟೋ ಕಳಿಸಿದೆ. "ಹೇರು ಇಳಿಸಿದ್ದೀಯ" ಎಂದಷ್ಟೇ ಉತ್ತರ ಬಂತು.

ಪಾನಾ ಹಿಡಿದು ಕಾರಿನಡಿ ನುಗ್ಗಿದೆ. ಹಳದಿ ಬಣ್ಣ ಕಂಡಿತು. ಇನ್ನೊಂದು ಅಲೈನ್‌ಮೆಂಟಿಗೆ ಎಷ್ಟಾಗುತ್ತದೆ ಎಂದು ಮಲಗಿದಲ್ಲೇ ಲೆಕ್ಕ ಹಾಕಿ, ಎದ್ದುಬಂದು ಕೈ ತೊಳೆದುಕೊಂಡೆ.

ಹಬ್ಬ ಕಳೆದ ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹೆಂಡತಿ ಎಲ್ಲಿಗೆ ಎಂದು ಕೇಳಿದಳು.

"ಇಂಡಿಯನ್ ಅಂಗಡಿಗೆ. ಅಕ್ಕಿ ತರುತ್ತೇನೆ."

"ಮನೆಯಲ್ಲಿ ಇದೆಯಲ್ಲ. ಎಷ್ಟು ತರುತ್ತೀರಿ?"

"ಆರು ಮೂಟೆ."

"ಆರು ಮೂಟೆಯೇ! ಎಲ್ಲಿಡುತ್ತೀರಿ?"

"ಎಡಗಡೆ" ಎಂದೆ.