ಮುತ್ತಿಡುವ ಗೇಟು

ಇಂಗ್ಲೆಂಡಿನ ಹಳ್ಳಿಯೆಂದರೆ ಫೋಟೊದಲ್ಲಿ ಜೇನುಬಣ್ಣದ ಕಲ್ಲುಮನೆ, ಗೋಡೆಗೆ ಹಬ್ಬಿದ ಗುಲಾಬಿ, ಬಾತುಕೋಳಿ ತೇಲುವ ಹೊಳೆ. ಆ ಹೊಳೆಯ ದಂಡೆಗೆ ದಾರಿ ಬಿಡುವ ಗೇಟಿನ ಫೋಟೊ ಮಾತ್ರ ಯಾರೂ ಹಾಕುವುದಿಲ್ಲ. ಚೀಲದ ಸಮೇತ ಅದರಲ್ಲಿ ಸಿಕ್ಕಿಕೊಂಡವರಿಗೆ ಕೈ ಖಾಲಿ ಇರುವುದಿಲ್ಲ.

ಕಿಸ್ಸಿಂಗ್ ಗೇಟ್ ಎಂದು ಅದರ ಹೆಸರು. ಹೊಸ ಜೋಡಿಗಳು ಹೆಸರು ಕೇಳಿಯೇ ಮೊಬೈಲು ತೆಗೆಯುತ್ತಾರೆ. ಮುತ್ತಿಡುವುದು ಗೇಟು, ಅದೂ ಕಂಬಕ್ಕೆ. ಅರ್ಧಚಂದ್ರದಂಥ ಬೇಲಿಯ ಗೂಡು, ಅದರ ಎರಡು ತುದಿಗಳ ನಡುವೆ ಅತ್ತಿಂದಿತ್ತ ಆಡುವ ಒಂದೇ ಬಾಗಿಲು. ಬಾಗಿಲು ತಳ್ಳಿ ಗೂಡಿನೊಳಗೆ ಹೋಗಬೇಕು, ಹಿಂದಕ್ಕೆ ಒತ್ತಿ ನಿಲ್ಲಬೇಕು, ಹೊಟ್ಟೆ ಎಳೆದುಕೊಂಡು ಬಾಗಿಲನ್ನು ಬಂದ ಕಡೆಗೇ ಕಳಿಸಬೇಕು, ಆಮೇಲೆ ಆಚೆ ಬೀಳಬೇಕು. ಉದ್ದ ಮೈಯ ದನ ಆ ಇಕ್ಕಟ್ಟಿನಲ್ಲಿ ತಿರುಗಲಾರದು. ನಮ್ಮ ಮಲೆನಾಡಿನ ತಡಮೆಯದೂ ಇದೇ ಲೆಕ್ಕ: ಜನ ದಾಟಬೇಕು, ದನ ದಾಟಬಾರದು. ಆದರೆ ಬೆನ್ನಿಗೆ ದಪ್ಪ ಚೀಲ ಹೊತ್ತವರನ್ನು ಈ ಗೇಟು ದನದ ಲೆಕ್ಕಕ್ಕೇ ಹಾಕುತ್ತದೆ. ಚೀಲವನ್ನು ಮೊದಲು ಬೇಲಿಯ ಮೇಲಿಂದ ಆಚೆ ಇಳಿಸಿ, ಒಬ್ಬೊಬ್ಬರಾಗಿ ಹೋಗಿ. ಹಿಂದಿನವರು 'ನಾನು ತಳ್ತೀನಿ ಇರಿ' ಎಂದು ಉಪಕಾರಕ್ಕೆ ಬಂದರೆ ಬೇಡವೆನ್ನಿ. ಬಾಗಿಲು ನೇರ ಮೊಣಕಾಲಿಗೇ ಬರುತ್ತದೆ. ಮಳೆಯಾದ ಮರುದಿನವಂತೂ ಎಲ್ಲರೂ ತುಳಿದ ಆ ಗೂಡೇ ಕೆಸರಿನ ಹೊಂಡ. ಬಿಳಿ ಶೂ ಹಾಕಿ ಬಂದವರ ಮೇಲೆ ಕನಿಕರ ತೋರಿಸುವ ಅಗತ್ಯವಿಲ್ಲ.

ಇನ್ನು ಹಲಗೆಯ ಸ್ಟೈಲ್, ಎಂದರೆ ಬೇಲಿ ಹತ್ತಿ ಇಳಿಯಲು ಇಟ್ಟ ಮೆಟ್ಟಿಲು. ನೆನೆದ ಮರ ಜಾರುತ್ತದೆ, ಇಳಿಯುವಾಗ ಹಿಮ್ಮುಖವಾಗಿ ಇಳಿಯಿರಿ. ಬುಡದಲ್ಲಿ ಚುರುಚುರು ಉರಿಸುವ ನೆಟಲ್ ಗಿಡವಿದ್ದರೆ ಆಶ್ಚರ್ಯಪಡಬೇಡಿ. ಹೊಲದ ದೊಡ್ಡ ಗೇಟು ತೆರೆಯದೆ ಹತ್ತಲೇಬೇಕಾಗಿ ಬಂದರೆ ಕೀಲಿನ ಕಡೆ ಹತ್ತಬೇಕು. ಇನ್ನೊಂದು ತುದಿಗೆ ಭಾರ ಹಾಕಿದರೆ ಗೇಟು ಜೋತುಬೀಳುತ್ತದೆ, ರೈತ ಬೈಯುತ್ತಾನೆ, ಸರಿಯಾಗಿಯೇ ಬೈಯುತ್ತಾನೆ.

ಅವನಿಗೂ ನಿಯಮವಿದೆ ಅನ್ನಿ. ಹೊಲದ ನಡುವೆ ಹಾಯುವ ಸಾರ್ವಜನಿಕ ಕಾಲುದಾರಿಯನ್ನು ಉತ್ತರೆ, 14 ದಿನದೊಳಗೆ ಕನಿಷ್ಠ 1 ಮೀಟರ್ ಅಗಲಕ್ಕೆ ಮತ್ತೆ ಸರಿಮಾಡಿಕೊಡಬೇಕು. ದಾರಿ ತೋರಿಸುವ ಗುರುತುಗಳಲ್ಲಿ ಹಳದಿ ಬಾಣ ನಡೆಯುವವರಿಗೆ. ನೀಲಿ ಬಾಣವಿದ್ದಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ನಕಾಶೆ ಕೊಳ್ಳುವುದಾದರೆ ಅಲ್ಲಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಕಿತ್ತಳೆ ರಕ್ಷಾಪುಟದ್ದನ್ನೇ ಕೊಳ್ಳಿ, 4 ಸೆಂಟಿಮೀಟರಿಗೆ 1 ಕಿಲೋಮೀಟರ್. ಗುಲಾಬಿ ಬಣ್ಣದ್ದರಲ್ಲಿ ಹೊಲದ ಬೇಲಿಗಳನ್ನು ತೋರಿಸಿರುವುದಿಲ್ಲ, ದಾರಿ ಬೇಲಿಯ ಯಾವ ಮಗ್ಗುಲಿಗಿದೆ ಎಂಬುದೇ ತಿಳಿಯದು.

ಇಷ್ಟು ದಾಟಿ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಬೈಬರಿ ಹಳ್ಳಿ ಮುಟ್ಟಿದರೆ ಅಲ್ಲಿ ಅರ್ಲಿಂಗ್ಟನ್ ರೋ ಎಂಬ ಮನೆಸಾಲು: 14ನೇ ಶತಮಾನದ ಉಣ್ಣೆ ಉಗ್ರಾಣ, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದದ್ದು. ಒಳಗೆ ಜನ ವಾಸವಿದ್ದಾರೆ, ಅನ್ನ ಬೇಯಿಸುತ್ತಾರೆ, ಬಟ್ಟೆ ಒಣಹಾಕುತ್ತಾರೆ. ಅವರ ಕಿಟಕಿಗೆ ಮೂಗು ಒತ್ತಿ ಇಣುಕುವವರಿಗೂ ಒಂದು ಇಕ್ಕಟ್ಟಿನ ಗೇಟು ಬೇಕಿತ್ತು.

ಆ ಹಳ್ಳಿಗಳು ಅಷ್ಟು ಚಂದ ಏಕೆ ಎಂಬುದನ್ನು ಪಬ್ಬಿನಲ್ಲಿ ಊಟ ಮಾಡುತ್ತಾ ವಿಚಾರಿಸಬಹುದಿತ್ತು. ಆದರೆ ಎಷ್ಟೋ ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೋ ಎರಡೂವರೆಗೋ ಮುಚ್ಚುತ್ತದೆ. ಗೇಟಿನಲ್ಲಿ ಸಿಕ್ಕಿಕೊಂಡು ತಡವಾದವರ ಪಾಲಿಗೆ ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸು.